ಎದುರು ಪಕ್ಷದ ಮಾತು: ವಿಧಿಯೋ, ಅರ್ಥವಾದವೋ?

ವಿಷಯ, ಸಂಶಯ

ಮೀಮಾಂಸಕರು ವಾಕ್ಯವೊಂದು ಎದುರಾದ ಕೂಡಲೇ ಕೇಳುವ ಪ್ರಶ್ನೆ: ಇದು ವಿಧಿಯೋ, ಅರ್ಥವಾದವೋ? ವಿಧಿಯಾದರೆ ಮಾಡಿಯೇ ತೀರಬೇಕು. ಅರ್ಥವಾದವಾದರೆ ಅದು ಹೊಗಳಿಕೆ ಇಲ್ಲವೇ ತೆಗಳಿಕೆ. ಬೇರೊಂದು ವಿಧಿಯ ಕಡೆಗೆ ಕೇಳುಗನ ಮನಸ್ಸನ್ನು ಒಲಿಸುವುದಷ್ಟೇ ಅದರ ಕೆಲಸ, ತಾನಾಗಿ ಅದು ಯಾರ ಮೇಲೂ ಹೊಣೆ ಹೊರಿಸುವುದಿಲ್ಲ. ‘ಪ್ರಜಾಪ್ರಭುತ್ವದಲ್ಲಿ ಎದುರು ಪಕ್ಷದ ಮಾತನ್ನೂ ಕೇಳಬೇಕು’ ಎಂಬ ವಾಕ್ಯವನ್ನು ಈ ಒರೆಗೆ ಹಚ್ಚಿ ನೋಡೋಣ. ಸ್ವಾತಂತ್ರ್ಯ ದಿನದ ಭಾಷಣದಿಂದ ಹೈಸ್ಕೂಲಿನ ಚರ್ಚಾಸ್ಪರ್ಧೆಯವರೆಗೆ ಎಲ್ಲೆಲ್ಲೂ ಕೇಳಿಬರುವ ಮಾತಿದು. ಅಲ್ಲವೆನ್ನುವವರು ಯಾರೂ ಇಲ್ಲ, ಪಾಲಿಸುವವರೂ ಹೆಚ್ಚಿಲ್ಲ, ಪಾಲಿಸದವನಿಗೆ ಪ್ರಾಯಶ್ಚಿತ್ತವೂ ಇಲ್ಲ. ಲಕ್ಷಣ ನೋಡಿದರೆ ಅರ್ಥವಾದವೇ ಸೈ.

ಈಚಿನ ವರ್ಷಗಳಲ್ಲಿ ಕನ್ನಡದ ರಾಜಕೀಯ ಜಗಳಕ್ಕೆ ಸೇರಿಕೊಂಡ ಮಾತುಗಳನ್ನು ಗಮನಿಸಿ. ಒಂದು ಬಣದ ಬಾಯಲ್ಲಿ ‘ಗಂಜಿ ಗಿರಾಕಿ’, ‘ಲದ್ದಿಜೀವಿ’, ‘ಗುಲಾಮ’. ಇನ್ನೊಂದರ ಬಾಯಲ್ಲಿ ‘ಚಡ್ಡಿ’, ‘ಅಂಧಭಕ್ತ’. ಬೈಗುಳವಾಗಿ ಇವು ಅಂಥ ಖಾರವೇನಲ್ಲ, ನಮ್ಮ ಹಳ್ಳಿಗಳ ಬೈಗುಳದ ಮುಂದೆ ಸಪ್ಪೆ. ಇವುಗಳ ಉಪಯೋಗ ಬೇರೆ. ಎದುರಿನವನು ಬಾಯಿ ತೆರೆಯುವ ಮೊದಲೇ ಅವನ ಮಾತು ಗಂಜಿಯಿಂದ ಹುಟ್ಟಿದ್ದು ಅಥವಾ ಕುರುಡು ಭಕ್ತಿಯಿಂದ ಹುಟ್ಟಿದ್ದು ಎಂದು ತೀರ್ಮಾನಿಸಿಬಿಟ್ಟರೆ ಆ ಮಾತನ್ನು ಕೇಳುವ ಕಷ್ಟ ತಪ್ಪುತ್ತದೆ. ಅಣ್ಣತಮ್ಮಂದಿರಿರುವ ವಾಟ್ಸಾಪ್ ಗುಂಪಿನಲ್ಲೂ ಈ ಪದಗಳು ಓಡಾಡುತ್ತವೆ. ಚುನಾವಣೆ ಮುಗಿದ ಮೇಲೂ ಗುಂಪು ಬಿಟ್ಟವರು ವಾಪಸು ಬರುವುದಿಲ್ಲ.

ಇದು ನಮ್ಮೂರ ರೋಗ ಮಾತ್ರವಲ್ಲ. ‘ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ನಿಮಗೆ ಬೇಸರವೇ?’ ಎಂದು ಅಮೆರಿಕದಲ್ಲಿ 1960ರಲ್ಲಿ ಕೇಳಿದಾಗ, ಹೌದೆಂದವರು ಎರಡೂ ಪಕ್ಷಗಳಲ್ಲಿ ನೂರಕ್ಕೆ ಐವರ ಆಸುಪಾಸು. 2010ರಲ್ಲಿ ಅಂಥದೇ ಪ್ರಶ್ನೆಗೆ ರಿಪಬ್ಲಿಕನ್ನರಲ್ಲಿ ಸುಮಾರು ಅರ್ಧದಷ್ಟು, ಡೆಮಾಕ್ರಾಟರಲ್ಲಿ ಮೂರರಲ್ಲೊಂದು ಪಾಲು ಜನ ಹೌದೆಂದರು. ಅಲ್ಲಿ ಪಕ್ಷ ಜಾತಿಯಾಗಿದೆ. ನಮ್ಮಲ್ಲಿ ಜಾತಿ ಮೊದಲೇ ಇತ್ತು, ಪಕ್ಷ ಬಂದು ಅದರ ಪಕ್ಕದಲ್ಲಿ ಕೂತಿದೆ.

ಈಗ ಸಂಶಯ. ಎದುರಿನವನ ಮಾತು ಕೇಳುವುದು ಸಜ್ಜನರ ಅಲಂಕಾರವೋ, ಅಥವಾ ಪ್ರಜೆಯ ಕರ್ತವ್ಯವೋ? ಕರ್ತವ್ಯವೆನ್ನಬೇಕಾದರೆ ಶಾಸ್ತ್ರ ಕೇಳುವ ಮೂರು ಪ್ರಶ್ನೆಗಳಿಗೆ ಉತ್ತರ ಕೊಡಬೇಕು: ಏನನ್ನು ಸಾಧಿಸಲು, ಯಾವುದರಿಂದ, ಹೇಗೆ. ಜೊತೆಗೆ, ಇದಕ್ಕೆ ಅಧಿಕಾರಿ ಯಾರು, ಅಂದರೆ ಇದನ್ನು ಮಾಡಬೇಕಾದವನು ಯಾರು ಎಂಬುದನ್ನೂ ಹೇಳಬೇಕು. ಇದು ವಿಧಿಯೇ ಎಂಬುದು ನನ್ನ ಪಕ್ಷ. ಆದರೆ ನಾವು ಸಾಮಾನ್ಯವಾಗಿ ತಿಳಿದಂತೆ ಇದು ಒಬ್ಬೊಬ್ಬರ ಹೃದಯವೈಶಾಲ್ಯಕ್ಕೆ ಹೇಳಿದ ವಿಧಿಯಲ್ಲ, ಸಭೆಗೆ ಹೇಳಿದ್ದು. ಮನುಷ್ಯನ ಒಳ್ಳೆಯತನದ ಮೇಲೆ ಭಾರ ಹಾಕಿ ನಿಲ್ಲಿಸಿದ್ದರಿಂದಲೇ ಅದು ಇಷ್ಟು ದಿನ ಅರ್ಥವಾದವಾಗಿ ಉಳಿದಿದೆ.

ಸತ್ಯ ಕೈಯಲ್ಲಿರುವವನಿಗೆ

ಮೊದಲ ಪೂರ್ವಪಕ್ಷ, ಅಂದರೆ ಎದುರು ವಾದ: ‘ನಾನು ಓದಿ, ಯೋಚಿಸಿ, ಅನುಭವಿಸಿ ಒಂದು ನಿಲುವಿಗೆ ಬಂದಿದ್ದೇನೆ. ಅದು ಸರಿ. ಸುಳ್ಳನ್ನು ಇನ್ನೊಮ್ಮೆ ಕೇಳುವುದರಿಂದ ಸತ್ಯಕ್ಕೆ ಏನು ಲಾಭ?’

ಓದಿ ಯೋಚಿಸಿ ಬಂದ ನಿಲುವು ಎಂಬ ಮಾತನ್ನೇ ಮೊದಲು ಪರೀಕ್ಷಿಸಬೇಕು. 1970ರ ಹೊತ್ತಿಗೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹೆನ್ರಿ ತಾಜ್‌ಫೆಲ್ ಎಂಬ ಮನಶ್ಶಾಸ್ತ್ರಜ್ಞ ಶಾಲಾ ಹುಡುಗರ ಮೇಲೆ ಪ್ರಯೋಗ ಮಾಡಿದ. ಈತ ಪೋಲೆಂಡಿನ ಯೆಹೂದಿ. ಎರಡನೆಯ ಮಹಾಯುದ್ಧದಲ್ಲಿ ಫ್ರೆಂಚ್ ಸೈನಿಕನಾಗಿ ಜರ್ಮನರ ಸೆರೆಯಲ್ಲಿದ್ದು ಬದುಕಿ ಬಂದವನು, ಮನೆಯವರನ್ನೆಲ್ಲ ಕಳೆದುಕೊಂಡವನು. ಗುಂಪು ಎಂಬುದು ಎಷ್ಟು ಸಣ್ಣ ನೆಪಕ್ಕೆ ಹುಟ್ಟುತ್ತದೆ ಎಂದು ತಿಳಿಯುವುದು ಅವನಿಗೆ ಬರೀ ಕುತೂಹಲದ ವಿಷಯವಾಗಿರಲಿಲ್ಲ. ಹುಡುಗರಿಗೆ ಪೌಲ್ ಕ್ಲೇ ಮತ್ತು ಕ್ಯಾಂಡಿನ್‌ಸ್ಕಿ ಎಂಬ ಇಬ್ಬರ ಚಿತ್ರಗಳನ್ನು ತೋರಿಸಿ, ಯಾರದ್ದು ಇಷ್ಟ ಎಂದು ಕೇಳಿ, ಅದರ ಪ್ರಕಾರವೇ ಎರಡು ಗುಂಪು ಮಾಡಿದ್ದೇವೆ ಎಂದು ಹೇಳಲಾಯಿತು. ನಿಜವಾಗಿ ಗುಂಪು ಮಾಡಿದ್ದು ಚೀಟಿ ಎತ್ತಿದ ಹಾಗೆ. ಆಮೇಲೆ ಪ್ರತಿ ಹುಡುಗನೂ ಬೇರೆ ಹುಡುಗರಿಗೆ ಸಣ್ಣ ಮೊತ್ತದ ಹಣ ಹಂಚಬೇಕಿತ್ತು. ಯಾರು ಯಾರೆಂದು ಗೊತ್ತಿಲ್ಲ, ತನಗೇನೂ ಸಿಗುವುದಿಲ್ಲ, ಗೊತ್ತಿರುವುದು ಗುಂಪು ಮಾತ್ರ. ಹುಡುಗರು ತಮ್ಮ ಗುಂಪಿಗೆ ಹೆಚ್ಚು ಕೊಟ್ಟರು; ಅದರಲ್ಲಿ ಅಚ್ಚರಿಯಿಲ್ಲ. ತಮ್ಮವರಿಗೆ ಸಿಗುವುದು ಕಡಿಮೆಯಾದರೂ ಚಿಂತೆಯಿಲ್ಲ, ಅವರಿಗಿಂತ ನಮಗೆ ಹೆಚ್ಚು ಸಿಕ್ಕರೆ ಸಾಕು ಎಂಬ ಒಲವೂ ಕಂಡುಬಂತು. ಇಲ್ಲಿ ಹಳೆಯ ದ್ವೇಷವಿಲ್ಲ, ಸಿದ್ಧಾಂತವಿಲ್ಲ, ಧರ್ಮವಿಲ್ಲ. ಇಬ್ಬರು ಚಿತ್ರಕಾರರ ಹೆಸರು ಸಾಕಾಯಿತು.

ಹಾಗಾದರೆ ಜಾತಿ, ಊರು, ಮನೆಮಾತು, ಓದಿದ ಕಾಲೇಜು, ಅಪ್ಪ ಹಾಕುತ್ತಿದ್ದ ವೋಟು ಇವೆಲ್ಲ ಸೇರಿ ಕಟ್ಟಿದ ಗುಂಪಿನೊಳಗೆ ಕೂತು ‘ನಾನು ಯೋಚಿಸಿ ಬಂದ ನಿಲುವು’ ಎನ್ನುವವನ ಮಾತನ್ನು ಎಷ್ಟು ನಂಬಬೇಕು? ಅವನ ನಿಲುವು ಸುಳ್ಳೆಂದು ನಾನು ಹೇಳುತ್ತಿಲ್ಲ, ಸರಿಯೇ ಇರಬಹುದು. ಆದರೆ ಅದು ಸರಿಯಾದ್ದರಿಂದ ಹಿಡಿದುಕೊಂಡಿದ್ದಾನೋ ತನ್ನದಾದ್ದರಿಂದ ಹಿಡಿದುಕೊಂಡಿದ್ದಾನೋ ಎಂದು ಅವನಿಗೇ ಒಳಗಿನಿಂದ ಗೊತ್ತಾಗುವ ದಾರಿ ಇಲ್ಲ. ಗುಂಪಿನವರನ್ನು ಕೇಳಿದರೆ ಸರಿಯೆಂದೇ ಹೇಳುತ್ತಾರೆ. ಉಳಿದಿರುವ ಸಾಕ್ಷಿ ಎದುರಿನವನು ಒಬ್ಬನೇ, ಅವನಿಗೆ ದುರುದ್ದೇಶವಿದ್ದರೂ. ತಪ್ಪು ಹುಡುಕುವ ಆಸಕ್ತಿ ಅವನಿಗಲ್ಲದೆ ಇನ್ನಾರಿಗೆ ಇರುತ್ತದೆ?

‘ಏನನ್ನು ಸಾಧಿಸಲು’ ಎಂಬ ಪ್ರಶ್ನೆಗೆ ಇದು ಅರ್ಧ ಉತ್ತರ. ಒಮ್ಮತವಾಗಲಿ, ಮಧ್ಯಮ ಮಾರ್ಗವಾಗಲಿ ಇಲ್ಲಿ ಫಲವಲ್ಲ. ನಮ್ಮ ನಿಲುವಿನ ಬಿರುಕು ಎಲ್ಲಿದೆ ಎಂಬ ತಿಳಿವಳಿಕೆ ಫಲ. 1934ರ ಜನವರಿಯ ಬಿಹಾರ ಭೂಕಂಪ ಅಸ್ಪೃಶ್ಯತೆಯ ಪಾಪಕ್ಕೆ ಬಂದ ಶಿಕ್ಷೆ ಎಂದು ಗಾಂಧಿ ಹೇಳಿದಾಗ, ಇದು ವಿಚಾರಶೂನ್ಯತೆಯನ್ನು ಬೆಳೆಸುತ್ತದೆಂದು ರವೀಂದ್ರನಾಥ ಟ್ಯಾಗೋರರು ಪ್ರತಿಭಟಿಸಿದರು. ಗಾಂಧಿ ಆ ಪ್ರತಿಭಟನೆಯನ್ನು ತಮ್ಮ ‘ಹರಿಜನ’ ಪತ್ರಿಕೆಯಲ್ಲೇ ಅಚ್ಚು ಹಾಕಿದರು, ಉತ್ತರವನ್ನೂ ಬರೆದರು, ನಿಲುವು ಬಿಡಲಿಲ್ಲ. ಈ ವಾದದಲ್ಲಿ ಟ್ಯಾಗೋರರೇ ಸರಿ ಎಂದು ನನ್ನ ಅಭಿಪ್ರಾಯ. ಆದರೆ ಇವತ್ತು ನಾನು ಹಾಗೆ ತೀರ್ಮಾನಿಸುವಂತಾದದ್ದು ಇಬ್ಬರ ಮಾತೂ ಅಂದೇ ಓದುಗರ ಮುಂದೆ ಬಂದದ್ದರಿಂದ. ಗಾಂಧಿಯವರ ಓದುಗರು ಗಾಂಧಿಯವರ ಪತ್ರಿಕೆಯಲ್ಲೇ ಅವರ ಖಂಡನೆಯನ್ನು ಓದಿದರು.

ಕೇಳಿದಷ್ಟೂ ಕೆರಳಿದರೆ

ಎರಡನೆಯ ಪೂರ್ವಪಕ್ಷ ಇನ್ನೂ ಗಟ್ಟಿ, ಅದಕ್ಕೆ ಪ್ರಮಾಣವೂ ಇದೆ. 2018ರಲ್ಲಿ ಅಮೆರಿಕದ ಸಂಶೋಧಕರು ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಟ್ವಿಟರ್ ಬಳಸುವ ಎರಡೂ ಪಕ್ಷದ ಜನರಿಗೆ ಹಣ ಕೊಟ್ಟು, ಎದುರು ಪಕ್ಷದ ನಾಯಕರ, ಚಿಂತಕರ ಮಾತುಗಳನ್ನು ಒಂದು ತಿಂಗಳು ಓದಿಸಿದರು. ರಿಪಬ್ಲಿಕನ್ನರು ಮೆತ್ತಗಾಗುವ ಬದಲು ಮೊದಲಿಗಿಂತ ಗಟ್ಟಿ ರಿಪಬ್ಲಿಕನ್ನರಾದರು. ಡೆಮಾಕ್ರಾಟರೂ ಎದುರಿನ ಕಡೆಗೆ ಸರಿಯಲಿಲ್ಲ. ಹೀಗಿರುವಾಗ, ಕೇಳುವುದರಿಂದ ಫಲ ಬರುವುದಿರಲಿ, ವಿಪರೀತ ಫಲ ಬರುತ್ತದಲ್ಲ?

ಪ್ರಮಾಣವನ್ನು ಒಪ್ಪುತ್ತೇನೆ. ಅದು ಸಾಧಿಸುವುದು ಮಾತ್ರ ಆಕ್ಷೇಪಕ ಹೇಳಿದ್ದನ್ನಲ್ಲ. ಆ ಜನ ನೋಡಿದ್ದು ತುಂಡು ಮಾತು. ಎದುರು ಪಕ್ಷದವರು ತಮ್ಮ ಪಕ್ಷದವರನ್ನೇ ಹುರಿದುಂಬಿಸಲು ಆಡಿದ್ದು. ಅದನ್ನು ಎದುರಿನವನ ಕಿವಿಗೆ ಹಾಕಿದರೆ ಕೆರಳದೆ ಇನ್ನೇನು? ಮೀಮಾಂಸೆಯ ಮಾತಿನಲ್ಲಿ ಹೇಳುವುದಾದರೆ ಇಲ್ಲಿ ಸಾಧನವಿದೆ, ಇತಿಕರ್ತವ್ಯತೆ ಇಲ್ಲ. ಯಾಗಕ್ಕೆ ದ್ರವ್ಯ ತಂದಿಟ್ಟರಾಗಲಿಲ್ಲ, ಮಾಡುವ ಕ್ರಮ ಬೇಕು.

ಆ ಕ್ರಮ ಹೇಗಿರಬಹುದು ಎಂಬುದಕ್ಕೆ ದೂರ ಹೋಗಬೇಕಾಗಿಲ್ಲ. ಕರಾವಳಿಯಲ್ಲೂ ಮಲೆನಾಡಿನಲ್ಲೂ ಮಳೆಗಾಲ ಬಂತೆಂದರೆ ತಾಳಮದ್ದಳೆಯ ಕೂಟಗಳು ನಡೆಯುತ್ತವೆ. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಪಂಚೆ ಶಾಲಿನಲ್ಲೇ ಎದುರುಬದುರು ಕೂತು ಆ ಪದಕ್ಕೆ ತಮ್ಮದೇ ಮಾತಿನಲ್ಲಿ ಅರ್ಥ ಹೇಳುತ್ತ ವಾದಕ್ಕಿಳಿಯುತ್ತಾರೆ. ವಾಲಿವಧೆಯ ಪ್ರಸಂಗವನ್ನು ತೆಗೆದುಕೊಳ್ಳಿ. ಕೊನೆಗೆ ವಾಲಿ ಸಾಯುತ್ತಾನೆ, ರಾಮ ದೇವರು, ಕೂತವರಲ್ಲಿ ಬಹುಪಾಲು ರಾಮನಿಗೆ ಕೈಮುಗಿಯುವವರು. ಆದರೂ ಬಾಣ ತಗುಲಿ ಬಿದ್ದ ವಾಲಿ ಪ್ರಶ್ನೆ ಕೇಳಲು ತೊಡಗಿದರೆ ರಾಮನ ಅರ್ಥಧಾರಿ ಕೂತು ಕೇಳಲೇಬೇಕು. ನಿನಗೂ ನನಗೂ ಯಾವ ವೈರ? ಅಣ್ಣತಮ್ಮಂದಿರ ಜಗಳದಲ್ಲಿ ನೀನು ಯಾರು? ಮರೆಯಲ್ಲಿ ನಿಂತು ಹೊಡೆಯುವುದು ಯಾವ ಕ್ಷತ್ರಿಯಧರ್ಮ? ಹೆಂಡತಿಯನ್ನು ತರಬೇಕಿದ್ದರೆ ನನ್ನನ್ನು ಕೇಳಬಾರದಿತ್ತೇ, ಆ ರಾವಣನನ್ನು ಕಂಕುಳಲ್ಲಿ ಇರುಕಿಕೊಂಡವನು ನಾನಲ್ಲವೇ? ರಾಮ ಇದಕ್ಕೆ ‘ನಾನು ದೇವರು, ಸುಮ್ಮನಿರು’ ಎಂದರೆ ಸಭೆ ಒಪ್ಪುವುದಿಲ್ಲ. ತಮ್ಮನ ಹೆಂಡತಿಯನ್ನು ಇಟ್ಟುಕೊಂಡ ತಪ್ಪು, ಭರತನ ಆಳ್ವಿಕೆಯ ಪ್ರತಿನಿಧಿಯಾಗಿ ತನಗಿರುವ ದಂಡಾಧಿಕಾರ ಎಂದು ಒಂದೊಂದನ್ನೂ ಎತ್ತಿಕೊಂಡು ಉತ್ತರಿಸಬೇಕು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯ ಮುಂದೆ ಕೂರುವ ರಾಮನಿಗೆ ತಯಾರಿ ಬೇಕಾಗುತ್ತಿತ್ತು. ವಾಲಿ ಸಪ್ಪೆಯಾದರೆ ‘ರಾಮ ಚೆನ್ನಾಗಿ ಗೆದ್ದ’ ಎಂದು ಯಾರೂ ಹೇಳುವುದಿಲ್ಲ, ‘ಕೂಟ ಬಿತ್ತು’ ಎನ್ನುತ್ತಾರೆ. ಇಂದು ವಾಲಿಯ ಅರ್ಥ ಹೇಳಿದವನಿಗೆ ಮುಂದಿನ ಕೂಟದಲ್ಲಿ ರಾಮನ ಪಾತ್ರ ಬರಬಹುದು. ತಾನೇ ಎತ್ತಿದ ಪ್ರಶ್ನೆಗೆ ತಾನೇ ಉತ್ತರ ಹುಡುಕಬೇಕು.

ಇಲ್ಲಿ ಯಾರೂ ಉದಾರಿಗಳಾಗಿ ಕೇಳುತ್ತಿಲ್ಲ. ಅರ್ಥಧಾರಿಗಳಲ್ಲಿ ಅಹಂಕಾರ ಬೇಕಾದಷ್ಟಿರುತ್ತದೆ, ಮಾತಿನ ಪೆಟ್ಟಿಗೆ ಮುನಿಸಿಕೊಂಡವರೂ ಇದ್ದಾರೆ. ಆದರೂ ಕೇಳುತ್ತಾರೆ. ಪದ ಮುಗಿದ ಮೇಲೆ ಎದುರಿನವನ ಸರದಿ ಎಂಬ ಕಟ್ಟಳೆ, ಕೇಳದೆ ಉತ್ತರಿಸಿದರೆ ಮಾನ ಹೋಗುತ್ತದೆಂಬ ಭಯ, ಎರಡೂ ಬಲ್ಲ ಸಭೆ: ಇವು ಕೇಳಿಸುತ್ತವೆ.

ಅಮೆರಿಕದಿಂದಲೇ ಮರುಪ್ರಮಾಣವೂ ಇದೆ. 2016ರಲ್ಲಿ ಪ್ರಕಟವಾದ ಮಯಾಮಿಯ ಅಧ್ಯಯನವೊಂದರಲ್ಲಿ ಕಾರ್ಯಕರ್ತರು ಮನೆಮನೆಗೆ ಹೋಗಿ, ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಹತ್ತು ನಿಮಿಷದಷ್ಟು ಮಾತಾಡಿದರು. ಹೇಳುವುದಕ್ಕಿಂತ ಮನೆಯವರ ಅನುಭವವನ್ನು ಕೇಳುವುದು ಹೆಚ್ಚು. ಪೂರ್ವಗ್ರಹ ಕಡಿಮೆಯಾದದ್ದು ಮೂರು ತಿಂಗಳ ನಂತರವೂ ಉಳಿದಿತ್ತು. ತಿಂಗಳಿಡೀ ಓದಿದ ಟ್ವಿಟರ್ ಮಾಡದ್ದನ್ನು ಬಾಗಿಲಲ್ಲಿ ನಿಂತ ಹತ್ತು ನಿಮಿಷ ಮಾಡಿತು.

‘ಹಾಗಿದ್ದರೆ ಟಿವಿ ಚರ್ಚೆ ಇದೆಯಲ್ಲ, ಅಲ್ಲೂ ಎರಡೂ ಕಡೆಯವರನ್ನು ಕೂರಿಸುತ್ತಾರೆ’ ಎಂಬ ಉಪಾಕ್ಷೇಪಕ್ಕೆ ಹೆಚ್ಚು ಮಾತು ಬೇಡ. ಸತ್ಯಕ್ಕಾಗಿ ನಡೆಯುವ ವಾದ, ಗೆಲುವಿಗಾಗಿ ನಡೆಯುವ ಜಲ್ಪ, ಸ್ವಂತ ಪಕ್ಷವೇ ಇಲ್ಲದೆ ಎದುರಿನವನನ್ನು ಕೆಡವುವುದಷ್ಟೇ ಗುರಿಯಾದ ವಿತಂಡ ಎಂದು ನ್ಯಾಯಶಾಸ್ತ್ರ ಎಂದೋ ವಿಂಗಡಿಸಿಟ್ಟಿದೆ. ರಾತ್ರಿ ಒಂಬತ್ತು ಗಂಟೆಗೆ ನಡೆಯುವುದು ಯಾವುದೆಂದು ಓದುಗರೇ ಹೇಳಲಿ.

ಕೇಳಿದ್ದಾನೆಂದು ತಿಳಿಯುವುದು ಹೇಗೆ? ಎದುರು ಪಕ್ಷದವನೇ ‘ಹೌದು, ನಾನು ಹೇಳುವುದು ಇದನ್ನೇ’ ಎಂದು ಒಪ್ಪುವಂತೆ ಅವನ ಪಕ್ಷವನ್ನು ಹೇಳಬಲ್ಲೆವೇ ಎಂಬುದೊಂದೇ ಪರೀಕ್ಷೆ. ಮಾಧವಾಚಾರ್ಯರ ಹೆಸರಿನಲ್ಲಿರುವ, ವಿಜಯನಗರದ ಕಾಲದ ‘ಸರ್ವದರ್ಶನಸಂಗ್ರಹ’ ಚಾರ್ವಾಕರಿಂದ ಶುರುವಾಗುತ್ತದೆ. ವೇದವನ್ನೇ ಅಲ್ಲಗಳೆದವರ ಮತವನ್ನು ವೈದಿಕ ಲೇಖಕ ಎಲ್ಲಕ್ಕಿಂತ ಮೊದಲು ನಿರೂಪಿಸಿದ. ಚಾರ್ವಾಕರ ಮೂಲಸೂತ್ರಗಳು ನಮಗೆ ಉಳಿದು ಬಂದಿಲ್ಲ. ಅವರ ಬಗ್ಗೆ ನಮಗಿರುವ ತಿಳಿವಳಿಕೆಯ ದೊಡ್ಡ ಪಾಲು ಇಂಥ ವಿರೋಧಿಗಳ ಪೂರ್ವಪಕ್ಷಗಳಿಂದ ಬಂದದ್ದು. ಚಾರ್ವಾಕನೊಬ್ಬ ಓದಿದ್ದರೆ ಆ ನಿರೂಪಣೆಯನ್ನು ಒಪ್ಪುತ್ತಿದ್ದನೇ ಎಂಬ ಅನುಮಾನ ನನಗಿದೆ, ಅದಕ್ಕೇ ಪರೀಕ್ಷೆ ಎದುರಿನವನ ಕೈಯಲ್ಲಿರಬೇಕು ಎಂದದ್ದು.

ಅಧಿಕಾರಿ ಯಾರು

ಮೂರನೆಯ ಆಕ್ಷೇಪಕ್ಕೆ ನೈತಿಕ ತೂಕವಿದೆ. ‘ತುಳಿದವನ ಮಾತನ್ನು ತುಳಿಸಿಕೊಂಡವನು ಸಮಾಧಾನದಿಂದ ಕೇಳಬೇಕು ಎನ್ನುವುದು ಯಾವ ನ್ಯಾಯ? ಅವನು ಶತಮಾನಗಳಿಂದ ಕೇಳುತ್ತಲೇ ಬಂದಿದ್ದಾನೆ.’

1936ರಲ್ಲಿ ಲಾಹೋರಿನ ಜಾತ್‌ಪಾತ್ ತೋಡಕ್ ಮಂಡಲ, ಹೆಸರೇ ಹೇಳುವಂತೆ ಜಾತಿ ಮುರಿಯಲು ಹುಟ್ಟಿದ ಸಂಸ್ಥೆ, ತನ್ನ ಸಮ್ಮೇಳನದ ಅಧ್ಯಕ್ಷತೆಗೆ ಅಂಬೇಡ್ಕರರನ್ನು ಕರೆಯಿತು. ಭಾಷಣದ ಪ್ರತಿ ನೋಡಿದ ಮೇಲೆ ಕೆಲವು ಭಾಗ ತೆಗೆಯಲು ಕೇಳಿತು. ಅಂಬೇಡ್ಕರ್ ಒಪ್ಪಲಿಲ್ಲ, ಸಮ್ಮೇಳನ ರದ್ದಾಯಿತು. ಅವರು ‘ಜಾತಿವಿನಾಶ’ ಭಾಷಣವನ್ನು ಸ್ವಂತ ಖರ್ಚಿನಲ್ಲಿ ಪುಸ್ತಕ ಮಾಡಿದರು. ಗಾಂಧಿ ‘ಹರಿಜನ’ದಲ್ಲಿ ಅದನ್ನು ವಿಮರ್ಶಿಸಿ, ಸುಧಾರಕರು ಇದನ್ನು ಓದದೆ ಇರುವಂತಿಲ್ಲ ಎಂದರು, ವರ್ಣದ ಪರ ವಾದಿಸಿದರು, ಎಂಟಾಣೆ ಬೆಲೆ ಜಾಸ್ತಿಯಾಯಿತು ಎಂದೂ ಸೇರಿಸಿದರು. ಮುಂದಿನ ವರ್ಷದ ಎರಡನೆಯ ಆವೃತ್ತಿಯಲ್ಲಿ ಅಂಬೇಡ್ಕರ್ ಗಾಂಧಿಯವರ ಆ ಬರಹವನ್ನು ಸೇರಿಸಿ, ಅದರ ಜೊತೆಗೆ ತಮ್ಮ ಉತ್ತರವನ್ನು ಅಚ್ಚು ಹಾಕಿದರು. ಉತ್ತರದಲ್ಲಿ ಕಿಂಚಿತ್ತೂ ಸಡಿಲಿಕೆಯಿಲ್ಲ.

ಇದರಿಂದ ‘ನೋಡಿ, ಅಂಬೇಡ್ಕರರೇ ಕೇಳಿದರು, ದಲಿತರೆಲ್ಲ ಹಾಗೆ ಕೇಳಬೇಕು’ ಎಂಬ ಪಾಠ ತೆಗೆಯುವುದು ಅನ್ಯಾಯ. ಇಲ್ಲಿ ವಿಧಿಯನ್ನು ಮುರಿದವರು ಮಂಡಲದವರು. ಸಭೆ ಅವರ ಕೈಯಲ್ಲಿತ್ತು, ಅವರು ಬಾಗಿಲು ಹಾಕಿದರು. ಅಂಬೇಡ್ಕರರ ಕೈಯಲ್ಲಿ ಇದ್ದದ್ದು ಅವರ ಪುಸ್ತಕ ಮಾತ್ರ, ಅದರಲ್ಲಿ ಅವರು ಎದುರಾಳಿಗೆ ಜಾಗ ಕೊಟ್ಟರು. ಹಾಗಾಗಿ ಅಧಿಕಾರದ ಕ್ರಮ ಇದು: ಸಭೆ, ಮೈಕು, ಪತ್ರಿಕೆ, ಬಹುಮತ ಯಾರ ಕೈಯಲ್ಲಿದೆಯೋ ಕೇಳುವ ಹೊಣೆ ಮೊದಲು ಅವರದು, ಅವರು ಕೇಳದೆ ಉಳಿದವರಿಂದ ಕೇಳಿಸಿಕೊಳ್ಳುವಂತಿಲ್ಲ. ಉಳಿದವರು ಕೇಳಿದರೆ ಅದು ಅವರ ವಾದದ ಬಲ.

ವಿಧಿಗೆ ಒಂದು ಅಪವಾದವಿದೆ. ವಾದವನ್ನೇ ಮುಗಿಸಲು ಬಂದವನ ವಿಷಯದಲ್ಲಿ ಇದು ಅನ್ವಯಿಸುವುದಿಲ್ಲ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರ ಮನೆ ಬಾಗಿಲಿಗೆ ಬಂದು ಅವರನ್ನು ಕೊಂದವರು ಅವರ ಸಂಶೋಧನೆಯನ್ನು ಖಂಡಿಸಲು ಬಂದಿರಲಿಲ್ಲ. ಆದರೆ ಈ ಅಪವಾದವನ್ನು ಹಿಗ್ಗಿಸುವ ಚಾಳಿಯೂ ನಮ್ಮಲ್ಲಿದೆ: ಒಪ್ಪದ ಮಾತೆಲ್ಲ ‘ಹಿಂಸೆ’, ಒಪ್ಪದವರೆಲ್ಲ ‘ದೇಶದ್ರೋಹಿ’. ಎರಡು ಬಣಗಳೂ ಇದನ್ನು ತಮ್ಮ ತಮ್ಮ ಪದಗಳಲ್ಲಿ ಮಾಡುತ್ತವೆ.

ಪಕ್ಷಕ್ಕೆ ಶಿಸ್ತು ಬೇಡವೇ

ಕೊನೆಯ ಪೂರ್ವಪಕ್ಷ ರಾಜಕಾರಣಿಯದು: ‘ನೀವು ಹೇಳುವುದು ಮಠದ ವಾಕ್ಯಾರ್ಥಕ್ಕೆ ಸರಿ. ರಾಜಕೀಯದಲ್ಲಿ ಸಂಖ್ಯೆ ಬೇಕು, ಸಂಖ್ಯೆಗೆ ಒಗ್ಗಟ್ಟು ಬೇಕು. ನಮ್ಮವನು ಎದುರಿನವನ ಮಾತಿಗೆ ತಲೆದೂಗಿದರೆ ಸರ್ಕಾರ ಉಳಿಯುವುದಿಲ್ಲ.’

1949ರ ನವೆಂಬರ್ 25ರಂದು ಅಂಬೇಡ್ಕರ್ ಸಂವಿಧಾನ ಸಭೆಯಲ್ಲಿ ಮಾಡಿದ ಭಾಷಣದಲ್ಲಿ ಇದಕ್ಕೆ ಉತ್ತರವಿದೆ. ಕರಡಿಗೆ ಬಂದ ತಿದ್ದುಪಡಿಗಳು ಸುಮಾರು 7,635, ಸಭೆಯಲ್ಲಿ ಮಂಡಿಸಿದ್ದು 2,473 ಎಂಬ ಲೆಕ್ಕ ಕೊಟ್ಟವರೂ ಅವರೇ. ಕೆಲಸ ಅಚ್ಚುಕಟ್ಟಾಗಿ ನಡೆದದ್ದಕ್ಕೆ ಕಾಂಗ್ರೆಸ್ ಪಕ್ಷದ ಶಿಸ್ತೇ ಕಾರಣ ಎಂದು ಮೊದಲು ಹೇಳಿದರು. ಅದರ ಬೆನ್ನಿಗೇ, ಎಲ್ಲರೂ ಶಿಸ್ತಿಗೆ ತಲೆಬಾಗಿದ್ದರೆ ಇದು ಹೌದಪ್ಪಗಳ ಸಭೆಯಾಗುತ್ತಿತ್ತು ಎಂಬ ಅರ್ಥದ ಮಾತಾಡಿ, ಬಂಡಾಯಗಾರರನ್ನು ಹೆಸರು ಹಿಡಿದು ನೆನೆದರು: ಕಾಮತ್, ಪಿ.ಎಸ್. ದೇಶಮುಖ್, ಸಿಧ್ವಾ, ಸಕ್ಸೇನಾ, ಠಾಕೂರ್ ದಾಸ್ ಭಾರ್ಗವ, ಕೆ.ಟಿ. ಷಾ, ಹೃದಯನಾಥ ಕುಂಜ್ರು. ಅವರ ಸಲಹೆಗಳನ್ನು ಒಪ್ಪಲಾಗದಿದ್ದರೂ ಅವರಿಂದಾಗಿಯೇ ಸಂವಿಧಾನದ ತತ್ತ್ವಗಳನ್ನು ಬಿಡಿಸಿ ಹೇಳುವ ಅವಕಾಶ ಸಿಕ್ಕಿತು ಎಂದು ಕೃತಜ್ಞತೆ ಹೇಳಿದರು.

ಪಟ್ಟಿಯ ಮೊದಲ ಹೆಸರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಹರಿ ವಿಷ್ಣು ಕಾಮತರದು. ಪ್ರಸ್ತಾವನೆ ದೇವರ ಹೆಸರಿನಿಂದ ಆರಂಭವಾಗಲಿ ಎಂದು ಅವರು ತಿದ್ದುಪಡಿ ತಂದು, ಮತಕ್ಕೆ ಹಾಕಿಸಿ, 41ಕ್ಕೆ 68ರಿಂದ ಸೋತರು. ತುರ್ತುಪರಿಸ್ಥಿತಿಯ ವಿಧಿಗಳನ್ನು ವಿರೋಧಿಸಿ, ಜರ್ಮನಿಯ ವೈಮಾರ್ ಸಂವಿಧಾನದ ಗತಿ ನೆನಪಿಸಿ ಎಚ್ಚರಿಸಿದರು, ಅಲ್ಲೂ ಸೋತರು. ದೇವರ ವಿಷಯದಲ್ಲಿ ಸಭೆಯ ತೀರ್ಮಾನವೇ ಸರಿಯೆಂದು ನನಗನ್ನಿಸುತ್ತದೆ, ತುರ್ತುಪರಿಸ್ಥಿತಿಯ ವಿಷಯದಲ್ಲಿ ಕಾಮತರು ಸರಿ. 1975ರ ಅನುಭವದ ನಂತರ, 1978ರ 44ನೇ ತಿದ್ದುಪಡಿ ‘ಆಂತರಿಕ ಕ್ಷೋಭೆ’ಯ ನೆಪವನ್ನು ಕಿತ್ತುಹಾಕಿತು. ಸೋತವರ ಮಾತು ಕಡತದಲ್ಲಿ ಉಳಿದಿತ್ತು, ಸೋತವರು ಸಭೆಯಲ್ಲಿ ಉಳಿದಿದ್ದರು. ಫಲದ ಇನ್ನರ್ಧ ಇದು: ಸೋತವನು ಎದ್ದು ಹೋಗದಂತೆ ನೋಡಿಕೊಳ್ಳುವುದು.

ಈಗಿನ ಸದನಕ್ಕೆ ಬನ್ನಿ. 1985ರ 52ನೇ ತಿದ್ದುಪಡಿ ಸಂವಿಧಾನಕ್ಕೆ ಹತ್ತನೆಯ ಅನುಸೂಚಿ ಸೇರಿಸಿತು. ಪಕ್ಷದ ಆದೇಶವಾದ ವಿಪ್ ಮೀರಿ ಮತ ಹಾಕಿದರೆ, ಪಕ್ಷ ಹದಿನೈದು ದಿನದೊಳಗೆ ಕ್ಷಮಿಸದಿದ್ದರೆ, ಸದಸ್ಯತ್ವಕ್ಕೇ ಸಂಚಕಾರ. ವಿಪ್ ಯಾವ ಮಸೂದೆಗೆ ಬೇಕಾದರೂ ಹೊರಡಿಸಬಹುದು. ಪಕ್ಷದಿಂದ ಪಕ್ಷಕ್ಕೆ ಹಾರುವ ಆಯಾರಾಮ್ ಗಯಾರಾಮ್ ನಾಟಕ ನಿಲ್ಲಿಸುವುದು ಉದ್ದೇಶ, ಉದ್ದೇಶ ಒಳ್ಳೆಯದೇ. ಫಲವೇನು? ಎದುರು ಪಕ್ಷದವನ ವಾದ ಎಷ್ಟೇ ಚೆನ್ನಾಗಿರಲಿ, ಕೇಳಿದ ಶಾಸಕ ತನ್ನ ಮತ ಬದಲಿಸುವಂತಿಲ್ಲ. ಬದಲಿಸಲಾಗದ ಮೇಲೆ ಕೇಳುವುದೇಕೆ? ಖಾಲಿ ಬೆಂಚುಗಳನ್ನು ಕಂಡು ಬೈಯುವ ನಾವು ಈ ಲೆಕ್ಕವನ್ನು ಹಾಕುವುದಿಲ್ಲ. ಪಕ್ಷಾಂತರವಾದರೂ ನಿಂತಿತೇ ಎಂದರೆ ಅದೂ ಇಲ್ಲ. 2019ರ ಜುಲೈನಲ್ಲಿ ಕರ್ನಾಟಕದ 17 ಶಾಸಕರು ಅನರ್ಹರಾದರು; ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಅನರ್ಹತೆಯನ್ನು ಎತ್ತಿಹಿಡಿದು ಮರುಸ್ಪರ್ಧೆಗೆ ಅವಕಾಶ ಕೊಟ್ಟಿತು; ಡಿಸೆಂಬರಿನ ಉಪಚುನಾವಣೆಯಲ್ಲಿ ಬಹುತೇಕರು ಹೊಸ ಪಕ್ಷದಿಂದ ಗೆದ್ದು ಬಂದರು. ಪಕ್ಷ ಬದಲಿಸುವುದಕ್ಕೆ ದಾರಿ ಉಳಿಯಿತು, ಪಕ್ಷದಲ್ಲೇ ಇದ್ದು ಒಂದು ಮಸೂದೆಯ ಮೇಲೆ ಅಭಿಪ್ರಾಯ ಬದಲಿಸುವುದಕ್ಕೆ ಇಲ್ಲ.

ಶಿಸ್ತು ಬೇಕೆಂಬ ರಾಜಕಾರಣಿಯ ಮಾತನ್ನು ಅರ್ಧ ಒಪ್ಪಬೇಕು. ಸರ್ಕಾರ ಉಳಿಯುವ, ಬೀಳುವ ಪ್ರಶ್ನೆಯಲ್ಲಿ ವಿಪ್ ಇರಲಿ; ಮತದಾರ ಪಕ್ಷ ನೋಡಿ ವೋಟು ಹಾಕಿರುತ್ತಾನೆ. ಉಳಿದ ಮಸೂದೆಗಳಲ್ಲಿ ಶಾಸಕನ ಕಿವಿಯನ್ನೂ ಕೈಯನ್ನೂ ಬಿಟ್ಟುಬಿಡಬೇಕು. ಸಭೆಯನ್ನು ಹೀಗೆ ಕಟ್ಟಿದರೆ ಹೊರಗಿನ ಪ್ರಜೆಗೆ ‘ಎದುರಿನವನ ಮಾತು ಕೇಳು’ ಎನ್ನುವುದಕ್ಕೆ ಅರ್ಥ ಬರುತ್ತದೆ. ಕಾನೂನು ಮಾಡುವವರಿಗೇ ಕೇಳುವ ಹಕ್ಕಿಲ್ಲದಿರುವಾಗ ವಾಟ್ಸಾಪ್ ಗುಂಪಿನ ಅಣ್ಣತಮ್ಮಂದಿರಿಗೆ ಉಪದೇಶ ಮಾಡುವುದು ಅರ್ಥವಾದವೇ ಆಗುತ್ತದೆ.

ಇದು ಹೊಸ ಬೇಡಿಕೆಯಲ್ಲ. ವಿಪ್ ಮೀರಿದ್ದಕ್ಕೆ ಅನರ್ಹತೆಯನ್ನು ವಿಶ್ವಾಸ–ಅವಿಶ್ವಾಸ ನಿರ್ಣಯ, ಹಣಕಾಸು ಮಸೂದೆ, ರಾಷ್ಟ್ರಪತಿ ಭಾಷಣದ ವಂದನಾ ನಿರ್ಣಯ ಇಷ್ಟಕ್ಕೇ ಸೀಮಿತಗೊಳಿಸಬೇಕೆಂದು ದಿನೇಶ್ ಗೋಸ್ವಾಮಿ ಸಮಿತಿ 1990ರಲ್ಲೇ ಶಿಫಾರಸು ಮಾಡಿತು. ಆಮೇಲೆ ಎಲ್ಲ ದೊಡ್ಡ ಪಕ್ಷಗಳೂ ಸರದಿಯಂತೆ ಅಧಿಕಾರಕ್ಕೆ ಬಂದು ಹೋಗಿವೆ. ಒಂದೂ ಅದನ್ನು ಕಾನೂನು ಮಾಡಿಲ್ಲ.